ಸಿಪ್ಪೆಯೊಳಗೆ ತಿರುಳು ಬಂದದ್ದು: ಕ್ಯಾಡ್‌ನ ರೀಜನ್, ಸರ್ಫೇಸ್, ಸಾಲಿಡ್‌ಗಳ ಹಿನ್ನೆಲೆ

ಮಂಡ್ಯದ ಆಲೆಮನೆಗಳಲ್ಲಿ ಕಬ್ಬಿನ ಹಾಲು ಕಾಯಿಸುವ ಕೊಪ್ಪರಿಗೆಯನ್ನು ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ (ಕ್ಯಾಡ್) ತಂತ್ರಾಂಶವಾದ ಆಟೋಕ್ಯಾಡ್‌ನಲ್ಲಿ ಬರೆಯುವುದು ಕಷ್ಟದ ಕೆಲಸವಲ್ಲ. ಅರ್ಧ ಅಡ್ಡಕೊಯ್ತವನ್ನು ಒಂದೇ ಪಾಲಿಲೈನ್ (ತುಂಡುಗಳು ಕೂಡಿದ ಒಂದೇ ಗೆರೆ) ಆಗಿ ಎಳೆದು ನಡು ಅಕ್ಷದ ಸುತ್ತ ರಿವಾಲ್ವ್ ಮಾಡಿದರೆ, ಅಂದರೆ ತಿರುಗಿಸಿದರೆ, ಪಾತ್ರೆ ಪರದೆಯ ಮೇಲೆ ಸಿದ್ಧ. ಮೈಸೂರಿನ ಹೂಟಗಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಹೊಸದಾಗಿ ಸೇರಿದ ಹುಡುಗನೊಬ್ಬ ಹೀಗೆಯೇ ಬರೆದು, ಎಷ್ಟು ಕೆ.ಜಿ. ತಗಡು ಬೇಕೆಂದು ತಿಳಿಯಲು, ವಸ್ತುವಿನ ಘನಫಲ, ಕೇಂದ್ರ ಮುಂತಾದವನ್ನು ಲೆಕ್ಕ ಹಾಕುವ ಮಾಸ್‌ಪ್ರಾಪ್ ಕಮಾಂಡ್ ಕೊಟ್ಟ. ತಂತ್ರಾಂಶ ಆ ವಸ್ತುವನ್ನು ಒಪ್ಪಿಕೊಳ್ಳಲೇ ಇಲ್ಲ. ಅವನು ತಿರುಗಿಸಿದ್ದು ತುದಿ ಕೂಡದ ಗೆರೆಯನ್ನು. ಆದ್ದರಿಂದ ಹುಟ್ಟಿದ್ದು ಸರ್ಫೇಸ್, ದಪ್ಪವೇ ಇಲ್ಲದ ಬರೀ ಸಿಪ್ಪೆ. ಅದೇ ಗೆರೆಯನ್ನು ಮುಚ್ಚಿ ತಿರುಗಿಸಿದ್ದರೆ ಸಾಲಿಡ್, ಅಂದರೆ ಒಳಗೆ ತಿರುಳಿರುವ ವಸ್ತು, ಬರುತ್ತಿತ್ತು. ಕಣ್ಣಿಗೆ ಒಂದೇ ಆಗಿ ಕಾಣುವ ಈ ಎರಡರ ನಡುವೆ ಇಷ್ಟು ದೂರ ಏಕೆ ಎಂಬುದಕ್ಕೆ ಉತ್ತರ ಅವು ಹುಟ್ಟಿದ ಬೇರೆ ಬೇರೆ ಮನೆಗಳಲ್ಲಿದೆ.

1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್ಲೆಂಡ್ ರೂಪಿಸಿದ, ಪರದೆಯ ಮೇಲೆ ಚಿತ್ರ ಬರೆಯುವ ಸ್ಕೆಚ್‌ಪ್ಯಾಡ್ ತಂತ್ರಾಂಶಕ್ಕೆ ತಿಳಿದಿದ್ದದ್ದು ಗೆರೆಗಳು ಮಾತ್ರ. ಸರ್ಫೇಸ್‌ನ ಬೇರು ಇರುವುದು ಫ್ರಾನ್ಸಿನ ಕಾರು ಕಾರ್ಖಾನೆಗಳಲ್ಲಿ. ಸಿಟ್ರೊಯೆನ್‌ನಲ್ಲಿ ಪಾಲ್ ದ ಕಾಸ್ಟೆಲ್ಜೋ, ರೆನೋದಲ್ಲಿ ಪಿಯೆರ್ ಬೆಝಿಯೆ, ಕಾರಿನ ಮೈಯ ಬಾಗನ್ನು ಗಣಿತದಲ್ಲಿ ಹಿಡಿಯುವ ದಾರಿಯನ್ನು ಬೇರೆ ಬೇರೆಯಾಗಿಯೇ ಕಂಡುಕೊಂಡರು. ತಗಡನ್ನು ಒತ್ತಿ ಆಕಾರ ಕೊಡುವ ಅಚ್ಚನ್ನು (ಡೈ) ಕೊರೆಯುವ ಯಂತ್ರಕ್ಕೆ ಬೇಕಾದದ್ದು ಹೊರಮೈ. ಒಳಗೆ ಏನಿದೆ ಎಂಬ ಪ್ರಶ್ನೆ ಅಲ್ಲಿ ಏಳುವಂತೆಯೇ ಇರಲಿಲ್ಲ.

ಯಂತ್ರದ ಬಿಡಿಭಾಗ ಮಾಡುವವರ ಪ್ರಶ್ನೆಯೇ ಬೇರೆ: ತೂಕವೆಷ್ಟು, ಗುರುತ್ವ ಕೇಂದ್ರ ಎಲ್ಲಿ, ಪಕ್ಕದ ಭಾಗಕ್ಕೆ ತಗಲುತ್ತದೆಯೇ? 1970ರ ದಶಕದಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಇಯಾನ್ ಬ್ರೇಡ್ ಅವರ ಬಿಲ್ಡ್, ಅಮೆರಿಕದ ರೋಚೆಸ್ಟರ್‌ನಲ್ಲಿ ವೋಲ್ಕರ್ ಮತ್ತು ರೆಕಿಚಾ ಅವರ ತಂಡದ ಪ್ಯಾಡಲ್ ಎಂಬ ತಂತ್ರಾಂಶಗಳು ಈ ಪ್ರಶ್ನೆಗಳನ್ನೇ ಕೈಗೆತ್ತಿಕೊಂಡವು. ಬ್ರೇಡ್ ಹಿಡಿದ ದಾರಿಯಲ್ಲಿ ಸಾಲಿಡ್ ಎಂದರೂ ಮುಖಗಳ ಜೋಡಣೆಯೇ. ಆದರೆ ಒಂದೊಂದು ಅಂಚಿನಲ್ಲಿಯೂ ಸರಿಯಾಗಿ ಎರಡು ಮುಖಗಳು ಕೂಡಬೇಕು, ಮತ್ತು ತನ್ನ ಯಾವ ಬದಿಗೆ ವಸ್ತು ಇದೆ ಎಂಬುದು ಪ್ರತಿ ಮುಖಕ್ಕೂ ಗೊತ್ತಿರಬೇಕು. ಪರಿವರ್ತನೆಯ ತೊಡಕೆಲ್ಲ ಇರುವುದು ಇಲ್ಲಿಯೇ ಎಂದು ನನ್ನ ಎಣಿಕೆ. ಸಾಲಿಡ್ ಅನ್ನು ಸರ್ಫೇಸ್ ಮಾಡುವುದೆಂದರೆ ಈ ತಿಳಿವಳಿಕೆಯನ್ನು ಬಿಟ್ಟುಕೊಡುವುದು, ಅದು ಸುಲಭ. ಸರ್ಫೇಸ್ ಅನ್ನು ಸಾಲಿಡ್ ಮಾಡಬೇಕಾದರೆ ಎಲ್ಲಿಯೂ ಕಂಡಿ ಇಲ್ಲವೆಂದು ತಂತ್ರಾಂಶಕ್ಕೆ ಮನವರಿಕೆಯಾಗಬೇಕು.

1982ರಲ್ಲಿ ಬಂದ ಆಟೋಕ್ಯಾಡ್‌ಗೆ ಸಾಲಿಡ್ ಸೇರಿದ್ದು ತಡವಾಗಿ, 1990ರ 11ನೇ ಆವೃತ್ತಿಯಲ್ಲಿ, ಎಎಂಇ ಎಂಬ ಹೆಚ್ಚುವರಿ ಭಾಗದ ರೂಪದಲ್ಲಿ. 1994ರ 13ನೇ ಆವೃತ್ತಿ ಆ ಜಾಗಕ್ಕೆ ಏಸಿಸ್ ಎಂಬ, ಆಕಾರಗಳ ಲೆಕ್ಕ ಮಾಡುವ ಜ್ಯಾಮಿತಿ ಎಂಜಿನ್ ತಂದಿತು. ಹಳೆಯ ಮಾದರಿಗಳನ್ನು ದಾಟಿಸಲು ಎಎಂಇಕನ್ವರ್ಟ್ ಎಂಬ ಕಮಾಂಡ್ ಬಂತು. ಹೊಸ ಎಂಜಿನ್‌ನ ಅಳತೆ ಹೆಚ್ಚು ಸೂಕ್ಷ್ಮವಾದ್ದರಿಂದ, ಹಳೆಯದರಲ್ಲಿ ಆಚೆಗೆ ತೂತಾಗಿದ್ದ ರಂಧ್ರ ಹೊಸದರಲ್ಲಿ ಕೂದಲೆಳೆಯಷ್ಟು ಉಳಿದು, ಆಚೆಗೆ ತೆರೆಯದ ಕುರುಡು ರಂಧ್ರವಾಗುವ ಸಾಧ್ಯತೆ ಇತ್ತು.

ರೀಜನ್ ಅನ್ನು ನಮ್ಮಲ್ಲಿ ಹಲವರು ಬಣ್ಣ ತುಂಬಿದ ಪಾಲಿಲೈನ್ ಎಂದೇ ತಿಳಿದಿದ್ದಾರೆ. ಅದು ನಿಜವಾಗಿ ಗೆರೆಗಳಿಂದ ಮುಚ್ಚಿದ ಸಪಾಟು ಜಾಗ, ಸಾಲಿಡ್‌ನ ಎರಡು ಆಯಾಮದ ತಮ್ಮ. ಫ್ಲ್ಯಾಂಜ್‌ನ ಹೊರವೃತ್ತವನ್ನೂ ಬೋಲ್ಟ್ ತೂತುಗಳನ್ನೂ ರೀಜನ್ ಮಾಡಿ, ಹೊರವೃತ್ತದಿಂದ ತೂತುಗಳನ್ನು ಸಬ್‌ಟ್ರಾಕ್ಟ್ ಮಾಡಿದರೆ, ಅಂದರೆ ಕಳೆದರೆ, ಉಳಿದ ತಟ್ಟೆಯ ವಿಸ್ತೀರ್ಣವನ್ನೂ ಕೇಂದ್ರವನ್ನೂ ಮಾಸ್‌ಪ್ರಾಪ್ ಮರುಮಾತಿಲ್ಲದೆ ಕೊಡುತ್ತದೆ. ಈ ಮೂರರ ನಂಟನ್ನು ಕಾಣಲು, ವಸ್ತುವನ್ನು ಭಾಗಗಳಾಗಿ ಒಡೆಯುವ ಎಕ್ಸ್‌ಪ್ಲೋಡ್ ಕಮಾಂಡ್‌ಗಿಂತ ಒಳ್ಳೆಯ ಪಾಠವಿಲ್ಲ: ಪೆಟ್ಟಿಗೆಯಾಕಾರದ ಸಾಲಿಡ್ ಅನ್ನು ಒಡೆದರೆ ಆರು ರೀಜನ್‌ಗಳು, ಸಿಲಿಂಡರ್ ಒಡೆದರೆ ತಲೆಗೂ ಬುಡಕ್ಕೂ ಒಂದೊಂದು ರೀಜನ್, ಸುತ್ತ ಒಂದು ಸರ್ಫೇಸ್. ಸಪಾಟಾದದ್ದು ರೀಜನ್ ಆಗುತ್ತದೆ, ಬಾಗಿದ್ದು ಸರ್ಫೇಸ್ ಆಗುತ್ತದೆ.

ಸರ್ಫೇಸ್‌ನಿಂದ ಸಾಲಿಡ್‌ಗೆ ಹಿಂದಕ್ಕೆ ಹೋಗುವ ದಾರಿ ಕಂತು ಕಂತಾಗಿ ತೆರೆಯಿತು. 2007ರ ಆವೃತ್ತಿಯಲ್ಲಿ ವಸ್ತುವನ್ನು ಸಾಲಿಡ್ ಮಾಡುವ ಕನ್ವ್‌ಟುಸಾಲಿಡ್, ಸರ್ಫೇಸ್ ಮಾಡುವ ಕನ್ವ್‌ಟುಸರ್ಫೇಸ್, ಸರ್ಫೇಸ್‌ಗೆ ದಪ್ಪ ಕೊಟ್ಟು ಸಾಲಿಡ್ ಮಾಡುವ ಥಿಕನ್ ಎಂಬ ಕಮಾಂಡ್‌ಗಳು ಬಂದವು. ಆಗ ಕನ್ವ್‌ಟುಸಾಲಿಡ್ ಒಪ್ಪುತ್ತಿದ್ದದ್ದು ಥಿಕ್‌ನೆಸ್ (ಗೆರೆಗೆ ಕೊಡುವ ಎತ್ತರ) ಇರುವ ವೃತ್ತ, ಮುಚ್ಚಿದ ಪಾಲಿಲೈನ್‌ಗಳಂಥವನ್ನು. 2010ರಲ್ಲಿ ಚಿಕ್ಕ ಚಿಕ್ಕ ಮುಖಗಳ ಬಲೆಯಾದ ಮೆಶ್ ಸೇರಿತು. ಹಲವು ಸರ್ಫೇಸ್‌ಗಳು ಕೂಡಿ ಸುತ್ತುವರಿದ ಜಾಗವನ್ನು ಸಾಲಿಡ್ ಆಗಿ ಕಡೆದು ಕೊಡುವ ಸರ್ಫ್‌ಸ್ಕಲ್ಪ್ಟ್ ಬಂದದ್ದು 2011ರಲ್ಲಿ.

ಇಷ್ಟಾದರೂ ಬೇರೆ ತಂತ್ರಾಂಶದಿಂದ ಐಜಿಇಎಸ್ ಫೈಲಿನಲ್ಲಿ (ಕ್ಯಾಡ್ ತಂತ್ರಾಂಶಗಳ ನಡುವೆ ಮಾದರಿ ಸಾಗಿಸುವ ಫೈಲ್ ಬಗೆ) ಬಂದ ಮಾದರಿ ಇಂದಿಗೂ ಸತಾಯಿಸುತ್ತದೆ. ಒಮ್ಮೆ ಒಂದು ಪಂಪ್ ಕವಚ ಸಾಲಿಡ್ ಆಗದೆ ನನ್ನ ಅರ್ಧ ದಿನ ಹೋಯಿತು. ಎಷ್ಟೋ ಹೊತ್ತು ಜೂಮ್ ಮಾಡಿ ನೋಡಿದ ಮೇಲೆ ಎರಡು ಮುಖಗಳು ಕೂಡುವ ಮೂಲೆಯಲ್ಲಿ ಕೂದಲಿಗಿಂತ ತೆಳುವಾದ ಬಿರುಕು ಕಂಡಿತು. ಆ ಒಂದು ಮುಖವನ್ನು ಅಳಿಸಿ, ಅಂಚುಗಳಿಂದ ಹೊಸ ಪ್ಯಾಚ್, ಅಂದರೆ ತೇಪೆಯಂಥ ಸರ್ಫೇಸ್, ಹಾಕಿದ ಕೂಡಲೇ ಸಾಲಿಡ್ ಆಯಿತು.

ಹುಡುಗನ ಕೊಪ್ಪರಿಗೆಗೆ ಥಿಕನ್ ಸಾಕಾಯಿತು. ಅದರಲ್ಲಿಯೂ ಒಂದು ಎಚ್ಚರ ಬೇಕು. ಅವನು ಎಳೆದದ್ದು ಒಳಅಳತೆಯಾದ್ದರಿಂದ 3 ಮಿ.ಮೀ. ದಪ್ಪ ಹೊರಗೆ ಬೆಳೆಯಬೇಕು. ಮೊದಲ ಸಲ ಅದು ಒಳಗೆ ಬೆಳೆದು ಪಾತ್ರೆ ಹಿಡಿಯುವ ಹಾಲು ಕಡಿಮೆಯಾಯಿತು. ಅಳತೆಯ ಮೊದಲಿಗೆ ಮೈನಸ್ ಹಾಕಿದ ಮೇಲೆ ಸರಿಹೋಯಿತು. ಈ ಬಾರಿ ಮಾಸ್‌ಪ್ರಾಪ್ ಘನಫಲ ಕೊಟ್ಟಿತು, ಅದನ್ನು ಉಕ್ಕಿನ ಸಾಂದ್ರತೆಯಿಂದ ಗುಣಿಸಿ, ಚದರ ಮೀಟರಿಗೆ ಸುಮಾರು 23.5 ಕೆ.ಜಿ. ಎಂಬ ತಗಡಿನ ಲೆಕ್ಕದೊಂದಿಗೆ ತಾಳೆ ನೋಡಿ ಅವನು ತೂಕ ಬರೆದುಕೊಂಡ.