ಹಳೆ ಎಕ್ಸ್‌ರೇ ಸಾಲದು, ಸಾರ್

ಕೆಜಿಎಫ್‌ನ ಮಾಜಿ ಗಣಿ ಕಾರ್ಮಿಕರನ್ನು ಉಚಿತ ಎದೆ ತಪಾಸಣೆಗೆ ಬನ್ನಿ ಅಂತ ಕರೆದರೆ ಬರುವ ಮಾತು ಒಂದೇ: "ಮೈನ್ಸ್ ಮುಚ್ಚಿ ಎಷ್ಟು ವರ್ಷ ಆಯ್ತು ಡಾಕ್ಟ್ರೇ, ಈಗೆಲ್ಲಿಯ ಧೂಳು?" ಹೇಳಿ ಹೇಳಿ ಬಾಯಿ ನೋವು ಬಂದಿದೆ. ಬರೆದೇ ಬಿಡುತ್ತೇನೆ.

ಗಣಿ ಮುಚ್ಚಿದ್ದು 2001ರ ಫೆಬ್ರವರಿಯಲ್ಲಿ. ಎದೆಯೊಳಗೆ ಹೋದ ಧೂಳು ಅವತ್ತೇನೂ ಹೊರಗೆ ಬರಲಿಲ್ಲ. ಬೆಣಚುಕಲ್ಲು ಕೊರೆಯುವಾಗ ಏಳುವ ಸಿಲಿಕಾ ಧೂಳಿನ ತೀರಾ ಸಣ್ಣ ಕಣಗಳು ಶ್ವಾಸಕೋಶದ ತುದಿಯವರೆಗೂ ಇಳಿಯುತ್ತವೆ. ಅವನ್ನು ನುಂಗಿದ ಜೀವಕೋಶ ಸಾಯುತ್ತದೆ, ಕಣ ಅಲ್ಲೇ ಉಳಿಯುತ್ತದೆ. ಇನ್ನೊಂದು ಬಂದು ನುಂಗುತ್ತದೆ, ಅದೂ ಸಾಯುತ್ತದೆ. ಹೀಗೇ ವರ್ಷಗಟ್ಟಲೆ ನಡೆದು ಗಟ್ಟಿ ಗಂಟು ಕಟ್ಟುತ್ತದೆ. ಇದೇ ಸಿಲಿಕೋಸಿಸ್. ಕೆಲಸ ಬಿಟ್ಟ ಮೇಲೂ ಇದು ಬೆಳೆಯಬಹುದು. ಹತ್ತಿಪ್ಪತ್ತು ವರ್ಷದ ನಂತರ ಮೊದಲ ಸಲ ಕಾಣಿಸಿಕೊಳ್ಳುವುದೂ ಉಂಟು. ಎಲ್ಲರಿಗೂ ಬರುತ್ತದೆ ಅಂತಲ್ಲ. ಯಾವ ಕೆಲಸ, ಎಷ್ಟು ವರ್ಷ, ಎಷ್ಟು ಧೂಳು ಕುಡಿದಿರಿ ಅನ್ನೋದೆಲ್ಲ ಲೆಕ್ಕಕ್ಕೆ ಬರುತ್ತದೆ.

ಅಂಡರ್‌ಗ್ರೌಂಡಿನಲ್ಲಿ ಡ್ರಿಲ್ಲಿಂಗ್ ಮಾಡಿದ ಒಬ್ಬರು ಹಳೆ ಫಿಲ್ಮನ್ನು ಪೇಪರಿನಲ್ಲಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ತಂದಿದ್ದರು. ಮೂಲೆಯಲ್ಲಿ 1998 ಅಂತಿತ್ತು. "ನೋಡಿ, ಕ್ಲಿಯರ್!" ಹೌದು, 1998ಕ್ಕೆ ಕ್ಲಿಯರ್. ಹೊಸ ಎಕ್ಸ್‌ರೇಯಲ್ಲಿ ಎರಡೂ ಕಡೆ, ಮೇಲ್ಭಾಗದಲ್ಲಿ, ರಾಗಿ ಚೆಲ್ಲಿದ ಹಾಗೆ ಚುಕ್ಕೆ. "ಮೆಟ್ಟಿಲು ಹತ್ತೋಕಾಗಲ್ಲ, ಕೇಳಿದ್ರೆ ವಯಸ್ಸಾಯ್ತು ಅಂತಾರೆ" ಅಂದರು ಅವರ ಹೆಂಡತಿ.

ಈ ಗಂಟು ಕರಗಿಸುವ ಔಷಧಿ ಇಲ್ಲ, ನಿಜ. ಹಾಗಾದರೆ ತಪಾಸಣೆ ಯಾಕೆ? ಟಿಬಿಗಾಗಿ. ಸಿಲಿಕೋಸಿಸ್ ಇದ್ದವರಿಗೆ ಟಿಬಿ ಬರುವ ಅಪಾಯ ಬೇರೆಯವರಿಗಿಂತ ತುಂಬಾ ಜಾಸ್ತಿ. ಅದಕ್ಕೆ ಔಷಧಿ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಇನ್ನೊಂದು ಪೇಚಾಟವೂ ಇದೆ. ಸಿಲಿಕೋಸಿಸ್ ಚುಕ್ಕೆಯನ್ನೇ ಟಿಬಿ ಅಂದುಕೊಂಡು ಸುಮ್ನೆ ತಿಂಗಳುಗಟ್ಟಲೆ ಮಾತ್ರೆ ನುಂಗಿದವರಿದ್ದಾರೆ. ಯಾಕೆಂದರೆ, ಡಾಕ್ಟರು ಕೆಲಸ ಏನು ಅಂತ ಕೇಳಿದಾಗ ಇವರು "ವಾಚ್‌ಮನ್" ಅಂದಿರುತ್ತಾರೆ. ಅದು ಮೈನ್ಸ್ ಮುಚ್ಚಿದ ಮೇಲೆ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಮಾಡಿದ ಕೆಲಸ. ಅದಕ್ಕೂ ಹಿಂದಿನದನ್ನು ಹೇಳಿ ಮಾರಾಯ್ರೇ! ಡ್ರಿಲ್ಲಿಂಗಾ, ಬ್ಲಾಸ್ಟಿಂಗಾ, ಮಿಲ್ಲಾ, ಎಷ್ಟು ವರ್ಷ, ಎಲ್ಲಾ.

ಬರುವಾಗ ಹಳೆ ಫಿಲ್ಮ್ ತನ್ನಿ, ಹೋಲಿಸಿ ನೋಡಲು ಬೇಕು. ಸರ್ವಿಸ್ ದಾಖಲೆ ಇದ್ದರೆ ಅದೂ ಇರಲಿ. ಶ್ವಾಸಕೋಶ ಎಷ್ಟು ಕೆಲಸ ಮಾಡುತ್ತಿದೆ ಅಂತ ನೋಡಲು ಊದುವ ಟೆಸ್ಟ್ ಮಾಡುತ್ತೇವೆ, ಬೀಡಿ ಸೇದಿ ಬರಬೇಡಿ. ಗೇಟಿನ ಹೊರಗೆ ಸೇದಿ ಬಾಯಿಗೆ ಏಲಕ್ಕಿ ಹಾಕಿಕೊಂಡರೂ ನಮಗೆ ಗೊತ್ತಾಗುತ್ತದೆ.