ಮಗು ಮಾತು ತಿದ್ದಿಕೊಳ್ಳುವಾಗ ತಡೆಯಬೇಡಿ

ಅರಸೀಕೆರೆ ಕಡೆಯಿಂದ ಹಾಸನದ ನನ್ನ ವಾಕ್‌ಚಿಕಿತ್ಸಾ ಕೊಠಡಿಗೆ ಬಂದಿದ್ದ ಎಂಟು ವರ್ಷದ ಹುಡುಗ, "ಅಜ್ಜಿ ನಂಗೆ ತೆಂಗಿ... ಅಲ್ಲ, ಕೊಬ್ಬರಿ ಮಿಠಾಯಿ ಕೊಟ್ಳು" ಎಂದ. ಪಕ್ಕದಲ್ಲಿದ್ದ ತಾಯಿ ಅವನ ತೊಡೆ ತಟ್ಟಿ, "ನೋಡಿ, ಯೋಚ್ನೆ ಮಾಡ್ದೆ ಮಾತಾಡ್ತಾನೆ" ಎಂದರು. ಹುಡುಗ ಮುಂದೆ ಮಾತಾಡದೆ ಅಂಗಿಯ ಗುಂಡಿ ತಿರುವುತ್ತ ಕುಳಿತ.

ಈ ದೂರನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಏಕೆಂದರೆ ತಾಯಿ ತಪ್ಪೆಂದು ತೋರಿಸಿದ್ದು ನನ್ನ ಕಣ್ಣಿಗೆ ಆರೋಗ್ಯದ ಲಕ್ಷಣ. ಜಾರಿದ ಪದವನ್ನು ಮುಗಿಯುವ ಮೊದಲೇ ಹಿಡಿದನೆಂದರೆ, ಅವನು ತನ್ನ ಮಾತಿನ ಮೇಲೆ ಗಮನವಿಟ್ಟಿದ್ದಾನೆ ಎಂದೇ ಅರ್ಥ. ಇನ್ನೊಬ್ಬರ ಮಾತನ್ನು ಅರ್ಥಮಾಡಿಕೊಳ್ಳುವ ವ್ಯವಸ್ಥೆಯಿಂದಲೇ ನಾವು ನಮ್ಮ ಮಾತನ್ನೂ, ಅದು ಬಾಯಿಗೆ ಬರುವ ಮುನ್ನವೂ ಬಂದ ಮೇಲೂ, ಪರೀಕ್ಷಿಸುತ್ತೇವೆ ಎಂದು ಡಚ್ ಮನೋಭಾಷಾವಿಜ್ಞಾನಿ ವಿಲೆಮ್ ಲೆವೆಲ್ಟ್ 1983ರಲ್ಲಿ ವಾದಿಸಿದರು. ಇಡೀ ವಾಕ್ಯವನ್ನು ಒಳಗೇ ಅಚ್ಚುಕಟ್ಟಾಗಿ ಕಟ್ಟಿಟ್ಟುಕೊಂಡು ಬಾಯಿ ತೆರೆಯುವವರು ದೊಡ್ಡವರಲ್ಲೂ ಅಪರೂಪ. ಮಾತು ಆಡುತ್ತಾಡುತ್ತಲೇ ರೂಪುಗೊಳ್ಳುತ್ತದೆ.

ನಮ್ಮ ಮಾತಿನ ಅರ್ಥವನ್ನು ನಮಗೂ ಭಾಗಶಃ ನಮ್ಮ ಕಿವಿಯೇ ತಿಳಿಸುತ್ತಿರಬಹುದು. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಆಂಡ್ರಿಯಾಸ್ ಲಿಂಡ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 'ಬೂದು' ಎಂದವರ ಹೆಡ್‌ಫೋನಿಗೆ ಅವರದೇ ಧ್ವನಿಯಲ್ಲಿ ಮೊದಲೇ ಮುದ್ರಿಸಿದ್ದ 'ಹಸಿರು' ಎಂಬ ಪದವನ್ನು ಅದೇ ಕ್ಷಣದಲ್ಲಿ ಕೇಳಿಸಿದರು. ಸಮಯ ಸರಿಯಾಗಿ ಹೊಂದಿದಾಗ ಮೂರನೆಯ ಎರಡು ಭಾಗಕ್ಕಿಂತ ಹೆಚ್ಚು ಬದಲಾವಣೆಗಳು ಪತ್ತೆಯಾಗಲಿಲ್ಲ. ಹಾಗೆ ತಪ್ಪಿಸಿಕೊಂಡವುಗಳಲ್ಲಿ 85 ಪ್ರತಿಶತ ಪದಗಳನ್ನು ತಾವೇ ಆಡಿದ್ದೆಂದು ಭಾವಿಸಿದರು. ಇದು ಪ್ರಯೋಗಾಲಯದ ಮಾತು, ಮನೆಯ ಜಗುಲಿಗೆ ಹಾಗೆಯೇ ತರಲಾಗದು. ಆದರೂ ಮಾತಾಡುವವನಿಗೆ ತನ್ನ ಮಾತು ತನಗೇ ಕೇಳುವಷ್ಟು ಬಿಡುವು ಬೇಕೆಂಬುದಕ್ಕೆ ನನಗೆ ಇಷ್ಟು ಸಾಕು.

"ಯಾಕೆ ಹಾಗಂದೆ?" ಎಂದು ಮಗುವನ್ನು ಪೀಡಿಸುವ ತಂದೆಯರಿಗೂ ಒಂದು ಮಾತು. ಅದೇ ಲುಂಡ್‌ನ ಪೆಟ್ಟರ್ ಯೋಹಾನ್ಸನ್ ಮತ್ತು ಲಾರ್ಸ್ ಹಾಲ್ 2005ರಲ್ಲಿ, ಜನರು ಆರಿಸಿದ ಮುಖದ ಚಿತ್ರವನ್ನು ಕೈಚಳಕದಿಂದ ಬದಲಿಸಿ ಕಾರಣ ಕೇಳಿದಾಗ, ಅನೇಕರು ತಾವು ಆರಿಸದ ಮುಖಕ್ಕೇ ಕಾರಣ ಕೊಟ್ಟರು. ಅವರು ಸುಳ್ಳರಲ್ಲ, ಕಾರಣವನ್ನು ಆ ಕ್ಷಣದಲ್ಲಿ ಕಟ್ಟಿದವರು. ದೊಡ್ಡವರ ಪಾಡೇ ಹೀಗಿರುವಾಗ, ಗದರಿ ಕೇಳಿದರೆ ಮಗು ಕೈಗೆ ಸಿಕ್ಕ ಕಾರಣವನ್ನು ಕೊಟ್ಟು ಪಾರಾಗುತ್ತದೆ.

ಆದರೆ ಮೊದಲ ಅಕ್ಷರವನ್ನೇ ಮತ್ತೆ ಮತ್ತೆ ಎಳೆಯುವುದು, ಮಾತು ಸಿಕ್ಕಿಹಾಕಿಕೊಂಡು ಮುಖ ಬಿಗಿಯುವುದು ಕಂಡರೆ ಅದು ತಿದ್ದಿಕೊಳ್ಳುವುದಲ್ಲ, ತೊದಲಿರಬಹುದು. ತಡಮಾಡದೆ ತೋರಿಸಿ, ಶ್ರವಣ ಪರೀಕ್ಷೆಯನ್ನೂ ಮಾಡಿಸಿ. ಆ ತಾಯಿಗೆ ನಾನು ಕೇಳಿಕೊಂಡದ್ದು, ಮಗ "ಅಲ್ಲ" ಎಂದಾಗ ಅವನ ಮುಖವನ್ನೇ ನೋಡುತ್ತ, ಅವನು ಮುಗಿಸುವವರೆಗೆ ಕೈಯನ್ನು ತಮ್ಮ ಮಡಿಲಲ್ಲೇ ಇಟ್ಟುಕೊಂಡಿರಿ ಎಂದು.