ಸ್ಟೀವಿಯಾ ನೋಟ್ಸ್: ಸಕ್ಕರೆ ಬದಲು ಇದನ್ನ ಹಾಕಿದ್ರೆ ಮೈಯೊಳಗೆ ಏನಾಗುತ್ತೆ

ಸ್ಟೀವಿಯಾ ಟಾಪಿಕ್ ಬಂದ್ರೆ ನಾವು ಬರೆಯೋರೆಲ್ಲ "ನ್ಯಾಚುರಲ್, ಝೀರೋ ಕ್ಯಾಲೊರಿ, ಶುಗರ್ ಇರೋರಿಗೆ ಒಳ್ಳೇದು" ಅಂತ ಬರೆದು ಕೈ ತೊಳ್ಕೊಳ್ತೀವಿ. ಅದು ಸುಳ್ಳಲ್ಲ, ಆದ್ರೆ ಅಷ್ಟರಲ್ಲಿ ವಿಷಯ ಮುಗಿಯಲ್ಲ. ನನ್ ಪ್ರಕಾರ ಮೊದ್ಲು ಕೇಳ್ಬೇಕಾಗಿದ್ದು ಒಂದೇ, ಪ್ಯಾಕೆಟ್ ಒಳಗೆ ನಿಜವಾಗ್ಲೂ ಇರೋದೇನು?

ಸ್ಟೀವಿಯಾ ಪರಾಗ್ವೆ-ಬ್ರೆಜಿಲ್ ಕಡೆ ಗಿಡ, ಅಲ್ಲಿನ ಗ್ವಾರಾನಿ ಜನ ತುಂಬಾ ಹಿಂದಿನಿಂದ್ಲೂ ಎಲೆ ಬಳಸ್ತಿದ್ರು. ಸಿಹಿ ಕೊಡೋದು ಸ್ಟೀವಿಯಾಲ್ ಗ್ಲೈಕೋಸೈಡ್‌ಗಳು, ಅಂದ್ರೆ ಸ್ಟೀವಿಯಾಲ್ ಅನ್ನೋ ವಸ್ತುವಿಗೆ ಗ್ಲೂಕೋಸ್ ಅಂಟ್ಕೊಂಡಿರೋ ಅಣುಗಳು, ಮುಖ್ಯವಾಗಿ ಸ್ಟೀವಿಯೋಸೈಡ್ ಮತ್ತೆ ರೆಬಾಡಿಯೋಸೈಡ್ ಎ, ಸಕ್ಕರೆಗಿಂತ 200-300 ಪಟ್ಟು ಸಿಹಿ. ಕೊನೇಲಿ ನಾಲಿಗೆ ಮೇಲೆ ಸ್ವಲ್ಪ ಕಹಿ ಉಳಿಯುತ್ತಲ್ಲ, ಅದೂ ಇವುಗಳದ್ದೇ ಕೆಲಸ, ಕಹಿ ರಿಸೆಪ್ಟರ್‌ಗಳನ್ನೂ ಹೋಗಿ ತಟ್ಟುತ್ವೆ.

ಇವು ಸಣ್ಣ ಕರುಳಲ್ಲಿ ಜೀರ್ಣ ಆಗಲ್ಲ, ಹಾಗೇ ದೊಡ್ಡ ಕರುಳಿಗೆ ಹೋಗುತ್ವೆ, ಅಲ್ಲಿರೋ ಬ್ಯಾಕ್ಟೀರಿಯಾ ಗ್ಲೂಕೋಸ್ ಭಾಗ ಕಿತ್ಕೊಂಡು ಸ್ಟೀವಿಯಾಲ್ ಉಳಿಸ್ತಾವೆ, ಅದು ರಕ್ತಕ್ಕೆ ಸೇರಿ ಲಿವರ್‌ನಲ್ಲಿ ಗ್ಲುಕುರೊನೈಡ್ (ನೀರಲ್ಲಿ ಸುಲಭವಾಗಿ ಕರಗೋ ರೂಪ) ಆಗಿ ಮೂತ್ರದಲ್ಲಿ ಹೊರಗೆ. ಬಿಡುಗಡೆ ಆದ ಗ್ಲೂಕೋಸನ್ನ ಬ್ಯಾಕ್ಟೀರಿಯಾನೇ ತಿಂದ್ಬಿಡುತ್ವೆ, ಅದಕ್ಕೇ ಬ್ಲಡ್ ಶುಗರ್ ಏರಲ್ಲ. ಹಲ್ಲಿಗೂ ತೊಂದ್ರೆ ಇಲ್ಲ, ಬಾಯಿಯ ಬ್ಯಾಕ್ಟೀರಿಯಾ ಇದನ್ನ ಹುಳಿಸಿ ಆಸಿಡ್ ಮಾಡಲ್ಲ. ಬಿಪಿ ಇಳಿಸುತ್ತೆ ಅನ್ನೋದು ಕೆಲವು ಟ್ರಯಲ್‌ಗಳಲ್ಲಿ ಕಂಡಿದೆ, ಕೆಲವುಗಳಲ್ಲಿ ಇಲ್ಲ, ನಾನಂತೂ ಅದಕ್ಕೆ ಹೆಚ್ಚು ಬೆಲೆ ಕೊಡಲ್ಲ.

ಎಷ್ಟು ತಿನ್ಬಹುದು? ಸ್ಟೀವಿಯಾಲ್ ಲೆಕ್ಕದಲ್ಲಿ ದಿನಕ್ಕೆ ಮೈತೂಕದ ಪ್ರತಿ ಕೆಜಿಗೆ 4 ಮಿಗ್ರಾಂ. 60 ಕೆಜಿ ಇರೋರಿಗೆ 240 ಮಿಗ್ರಾಂ, ರೆಬಾಡಿಯೋಸೈಡ್ ಎ ಲೆಕ್ಕದಲ್ಲಿ ಸುಮಾರು 720 ಮಿಗ್ರಾಂ, ಅಂದ್ರೆ 200 ಪಟ್ಟು ಅಂತ ಹಿಡಿದ್ರೂ 140 ಗ್ರಾಂಗೂ ಹೆಚ್ಚು ಸಕ್ಕರೆಯಷ್ಟು ಸಿಹಿ! ಮಿತಿ ದಾಟೋದು ಸುಲಭ ಇಲ್ಲ. ಆದ್ರೆ ಈ ಸೇಫ್ಟಿ ಮಾತೆಲ್ಲ ಶುದ್ಧ ಮಾಡಿದ ಎಕ್ಸ್‌ಟ್ರಾಕ್ಟ್‌ಗೆ, ಹಸಿ ಎಲೆ, ಎಲೆ ಪುಡಿಗಳನ್ನ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸ್ವೀಟ್‌ನರ್ ಆಗಿ ಒಪ್ಪಿಲ್ಲ. ಹೆಚ್ಚು ನ್ಯಾಚುರಲ್ ಆಗಿರೋ ರೂಪಕ್ಕೇ ಒಪ್ಪಿಗೆ ಇಲ್ಲ ನೋಡಿ.

ಈಗ ಪ್ಯಾಕೆಟ್ ವಿಷ್ಯ. ಇಷ್ಟು ಸಿಹಿ ಇರೋದನ್ನ ಚಮಚದಲ್ಲಿ ಅಳೆಯೋಕಾಗಲ್ಲ, ಅದಕ್ಕೆ ಫಿಲ್ಲರ್ ಸೇರಿಸ್ತಾರೆ, ಎಷ್ಟೋ ಸಲ ತೂಕದಲ್ಲಿ ಬಹುಪಾಲು ಅದೇ ಇರುತ್ತೆ. ಮಾಲ್ಟೋಡೆಕ್ಸ್‌ಟ್ರಿನ್ ಆದ್ರೆ ಅದು ಪಿಷ್ಟದಿಂದ ಮಾಡಿದ್ದು, ಬೇಗ ಗ್ಲೂಕೋಸ್ ಆಗಿ ಶುಗರ್ ಏರಿಸುತ್ತೆ. ಎರಿಥ್ರಿಟಾಲ್ (ಶುಗರ್ ಆಲ್ಕೋಹಾಲ್ ಅನ್ನೋ ಗುಂಪಿನ ಸಿಹಿ ವಸ್ತು) ಆದ್ರೆ ಶುಗರ್ ಏರಲ್ಲ, ಆದ್ರೆ 2023ರಲ್ಲಿ ಬಂದ ಒಂದು ಸ್ಟಡೀಲಿ ರಕ್ತದಲ್ಲಿ ಎರಿಥ್ರಿಟಾಲ್ ಜಾಸ್ತಿ ಇದ್ದೋರಿಗೆ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಹೆಚ್ಚು ಕಂಡಿತ್ತು. ಇಲ್ಲಿ ಹುಷಾರು, ನಮ್ ದೇಹವೂ ಎರಿಥ್ರಿಟಾಲ್ ತಯಾರಿಸುತ್ತೆ, ಹಾಗಾಗಿ ತಿಂದಿದ್ದರಿಂದಲೇ ಆಯ್ತು ಅಂತ ಬರೆಯೋ ಹಾಗಿಲ್ಲ. ಹಾಗಂತ ತಳ್ಳಿಹಾಕೋಕೂ ಆಗಲ್ಲ, ಆಮೇಲೆ ಆರೋಗ್ಯವಂತರಿಗೆ 30 ಗ್ರಾಂ ಕುಡಿಸಿ ನೋಡ್ದಾಗ ಪ್ಲೇಟ್‌ಲೆಟ್‌ಗಳು ಹೆಪ್ಪುಗಟ್ಟೋ ಕಡೆ ವಾಲಿದ್ವು.

ತೂಕ ಇಳಿಸೋಕೆ ಸಕ್ಕರೆಯಲ್ಲದ ಸ್ವೀಟ್‌ನರ್ ಬೇಡ ಅಂತ 2023ರ ಮೇನಲ್ಲಿ ಡಬ್ಲ್ಯುಎಚ್‌ಒ ಹೇಳ್ತು, ಸ್ಟೀವಿಯಾನೂ ಲಿಸ್ಟಲ್ಲಿದೆ. ಆದ್ರೆ ಅದು ಷರತ್ತಿನ ಸಲಹೆ (ಅಂದ್ರೆ ಪುರಾವೆ ಅಷ್ಟು ಗಟ್ಟಿ ಇಲ್ಲ), ಈಗಾಗ್ಲೇ ಡಯಾಬಿಟಿಸ್ ಇರೋರಿಗೆ ಅನ್ವಯ ಆಗಲ್ಲ, ಎರಿಥ್ರಿಟಾಲ್ ಥರದ ಶುಗರ್ ಆಲ್ಕೋಹಾಲ್‌ಗಳೂ ಅದ್ರಲ್ಲಿ ಇಲ್ಲ. ಈ ಮೂರೂ ಕನ್‌ಫ್ಯೂಸ್ ಮಾಡ್ಕೋಬೇಡಿ.

ಇನ್ನೊಂದು, ಯಾರೂ ಬರೆಯಲ್ಲ ಇದನ್ನ: ಇನ್ಸುಲಿನ್ ತಗೊಳ್ಳೋರಿಗೆ ಶುಗರ್ 70 mg/dLಗಿಂತ ಕೆಳಗೆ ಬಿದ್ದು ಕೈ ನಡುಗಿ ಬೆವರು ಬರ್ತಿದ್ರೆ ಸಕ್ಕರೆ ಇಲ್ದೆ ಬರೀ ಸ್ಟೀವಿಯಾ ಹಾಕಿದ ಟೀ ಕೊಟ್ಟು ಪ್ರಯೋಜನ ಇಲ್ಲ. ಪ್ರಜ್ಞೆ ಇದ್ದು ನುಂಗೋಕೆ ಆಗ್ತಿದ್ರೆ ನಿಜವಾದ ಸಕ್ಕರೆನೋ ಗ್ಲೂಕೋಸೋ ಸುಮಾರು 15 ಗ್ರಾಂ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡ್ಬೇಕು.